ಎರಡು ಗಂಟೆಯ ನೆರಳು

ಗುದ್ದಲಿ ಠಣ್ಣೆಂದು ಪುಟಿಯಿತು. ತಿಮ್ಮೇಶ್ ಅದನ್ನು ಅಲ್ಲೇ ಬಿಟ್ಟು, ಜುಮ್ಮೆನ್ನುತ್ತಿದ್ದ ಎರಡೂ ಅಂಗೈಗಳನ್ನು ಕಂಕುಳಿಗೆ ಸೇರಿಸಿಕೊಂಡು ಕುಕ್ಕರಗಾಲಲ್ಲಿ ಕೂತ.

"ಇಲ್ಲೂ ಕಾಂಕ್ರೀಟೇ ಐತೆ ದೊಡ್ಡವ್ವ. ಭೂಮ್ತಾಯಿ ಎದೆ ಕಲ್ಲು ಮಾಡ್ಕಂಡು ಮಲಗವ್ಳೆ."

ಗಿರಿಯಮ್ಮ ಗುಂಡಿಯ ಕಡೆ ನೋಡಲಿಲ್ಲ. ಹಣೆಗೆ ಕೈ ಅಡ್ಡ ಹಿಡಿದು ಸೂರ್ಯನನ್ನು ನೋಡುತ್ತಿದ್ದಳು. ಕಾರ್ತಿಕದ ಸೂರ್ಯ ನೆತ್ತಿಯಿಂದ ಜಾರಿ ನೈಋತ್ಯದ ಕಡೆ ವಾಲುತ್ತಿದ್ದ.

ಸುತ್ತ ಬಯಲು. ಒಂದು ಮರವಿಲ್ಲ, ಒಂದು ಗೋಡೆಯಿಲ್ಲ. ದೂರದಲ್ಲಿ ತಂತಿಬೇಲಿ, ಬೇಲಿಗೆ ಹೊಸ ಮಾಲೀಕರ ಬೋರ್ಡು. ಅದರಾಚೆ ಮಣ್ಣಿನ ದಿಬ್ಬದ ಮೇಲೆ ಏರಿ ಹೋಗುವ ಹೈವೇ, ಚಿತ್ರದುರ್ಗದಿಂದ ಹಿರಿಯೂರಿಗೆ. ಬಯಲಿನ ನಡುವೆ ತಿಮ್ಮೇಶನ ಲಗೇಜ್ ಆಟೋ ನಿಂತಿತ್ತು. ಅದರ ಹಿಂಬದಿಯಲ್ಲಿ, ಬಿದಿರಿನ ಚಟ್ಟದ ಮೇಲೆ, ಕರಿಕಂಬಳಿ ಹೊದ್ದು ಪಾಲಯ್ಯ ಮಲಗಿದ್ದ. ಉದ್ದನೆಯ ಆಳು, ಪಾದಗಳೆರಡೂ ಗಾಡಿಯಿಂದ ಹೊರಗೆ ಚಾಚಿದ್ದವು. ಮಗಳು ಜಯಶೀಲಾ ಪಕ್ಕದಲ್ಲಿ ನಿಂತು ಆ ಪಾದಗಳಿಗೆ ಬಿಸಿಲು ಬೀಳದಂತೆ ಸೆರಗು ಹಿಡಿದಿದ್ದಳು. ಹಟ್ಟಿಯಿಂದ ದಾರಿಯುದ್ದಕ್ಕೂ ಹೆಣದ ಮುಂದೆ ಬೀರಿ ಉಳಿದ ಮಂಡಕ್ಕಿಯನ್ನು ಗಿರಿಯಮ್ಮ ಮಡಿಲಲ್ಲಿ ಕಟ್ಟಿಕೊಂಡಿದ್ದಳು.

"ಅತ್ಗೆಮ್ಮ, ನನ್ ಮಾತು ಕೇಳ್ರಿ," ಎಂದ ಪಾಲಯ್ಯನ ತಮ್ಮ ಚಿತ್ರಲಿಂಗಪ್ಪ. "ಕೆರೆ ಹಿಂದ್ಲ ಸುಡುಗಾಡಿಗೆ ಹೋಗಾಣ. ಅಲ್ಲಿ ಮಣ್ಣು ಬೆಣ್ಣೆ ಇದ್ದಂಗೈತೆ. ಇಲ್ಲಿ ಕಳದೋದ ಕುರಿ ಹುಡುಕ್ದಂಗೆ ಹುಡುಕ್ತಾ ಕುಂತ್ರೆ ಅಣ್ಣನ ಹೆಣ ಬಿಸಿಲಿಗೆ ಬೇಯ್ತೈತೆ."

"ಕಳದೋದ ಕುರಿ ಹುಡುಕದೆ ಮನಿಗೆ ಬಂದಿದ್ನೇನಪ್ಪ ನಿಮ್ಮಣ್ಣ, ಯಾವತ್ತಾರ?" ಎಂದಳು ಗಿರಿಯಮ್ಮ. "ನನ್ನ ಮಗಿ ಪಕ್ಕದಾಗೆ ಮಲಗ್ಸಬೇಕು. ಆಮ್ಯಾಕೆ ನಾನೂ ಅಲ್ಲಿಗೇ. ಬ್ಯಾರೆ ಏನೂ ಕೇಳಿಲ್ಲ ನಾನು ಈ ಜಲ್ಮದಾಗೆ."

ಹೊಸ ಮಾಲೀಕರ ಕಾವಲುಗಾರ ಪ್ರಭುಲಿಂಗ ಬೇಲಿಯ ಕಡೆಯಿಂದ ಕೂಗಿದ: "ಬ್ಯಾಗ ಮುಗಸ್ರಪ್ಪಾ! ಸಾಹೇಬ್ರು ಸಂಜಿಗೆ ಬತ್ತಾರೆ. ಗುಡ್ಡೆ ಏರಿಸ್ಬ್ಯಾಡ್ರಿ, ಕಲ್ಲು ನೆಡ್ಬ್ಯಾಡ್ರಿ!"

ಗಿರಿಯಮ್ಮನಿಗೆ ಆ ಮಾತು ಹೊಸದಲ್ಲ.

*

ಕಂಪನಿ ಬರುವ ಮೊದಲು ಆ ಬಯಲು ಹಟ್ಟಿಯವರ ಕುರಿ ಮೇಯುವ ಕಾವಲು. ಕಾರೆ, ಜಾಲಿ, ನಡುನಡುವೆ ಬನ್ನಿ. ಬಡಗಣ ಮೂಲೆಯಲ್ಲಿ ಹಟ್ಟಿಯ ಹಿರಿಯರು ಮಲಗಿದ್ದರು. ತಲೆಗೊಂದು ಕಲ್ಲು, ಕಲ್ಲಿಗೊಂದು ಹೆಸರು. ಮಾರ್ನಾಮಿಯಲ್ಲಿ ಎಡೆ ಇಡುವಾಗ ಪಾಲಯ್ಯನ ಅವ್ವ ಆ ಹೆಸರುಗಳನ್ನು ಮಂತ್ರದ ಹಾಗೆ ಹೇಳುತ್ತಿದ್ದಳಂತೆ.

ಒಂದು ಬೇಸಿಗೆ ಸರ್ಕಾರದವರು ಬಂದು ಚೈನು ಹಿಡಿದು ಅಳೆದರು. ಮನೆಗೊಂದು ಕೆಲಸ ಎಂದರು. ಮೂರು ಗಾಲಿಯ ಸಾಮಾನು ಗಾಡಿ ಮಾಡುವ ಕಂಪನಿ ಎದ್ದಿತು. ಮೊದಲ ಗಾಡಿ ಗೇಟು ದಾಟಿದ ದಿನ ಬೀರಪ್ಪನ ಪೂಜಾರಿ ಅದರ ಹಣೆಗೆ ಭಂಡಾರ ಹಚ್ಚಿದ; ಹಟ್ಟಿಯ ಗಂಡಸರು ಡೊಳ್ಳು ಬಡಿದರು. ದೇವರು ಒಂದು ಬಾಗಿಲು ಮುಚ್ಚಿ ಇನ್ನೊಂದು ತೆರೆದ ಎಂದು ಎಲ್ಲರೂ ಕೈಮುಗಿದರು.

ಪಾಲಯ್ಯ ಕುರಿ ಮಾರಿ ಖಾಕಿ ತೊಟ್ಟ. ಗಾಡಿಗೆ ಗಿಳಿಹಸಿರು ಬಣ್ಣ ಹೊಡೆಯುವ ಶೆಡ್ಡಿನಲ್ಲಿ ಅವನ ಕೆಲಸ. ಮೈಗೆ ಹತ್ತಿದ ಥಿನ್ನರಿನ ವಾಸನೆ ಮಿಂದರೂ ಹೋಗುತ್ತಿರಲಿಲ್ಲ. ತಮ್ಮನ ದೊಡ್ಡಿಗೆ ಹೋದರೆ, ಅವನು ಕೈಯಾರೆ ಹಾಲು ಕುಡಿಸಿ ಬೆಳೆಸಿದ ಟಗರೇ ಮೂಸಿ ನೋಡಿ ಹಿಂದೆ ಸರಿಯಿತು.

"ನೋಡಣ್ಣ, ಟಗರಿಗೂ ನೀನು ಸಾಹೇಬ ಆಗಿದ್ದು ಗೊತ್ತಾಗೈತೆ," ಎಂದು ಚಿತ್ರಲಿಂಗಪ್ಪ ನಕ್ಕ.

ಪಾಲಯ್ಯನೂ ನಕ್ಕ. ಆದರೆ ಅಂದಿನಿಂದ ದೊಡ್ಡಿಯ ಒಳಗೆ ಕಾಲಿಡಲಿಲ್ಲ.

ಕಂಪನಿಯ ಬಡಗಣ ಗೋಡೆಯ ಬಳಿ ಒಂದು ನೀರಿನ ಟ್ಯಾಂಕು. ನಾಲ್ಕು ಕಬ್ಬಿಣದ ಕಾಲು, ಮೇಲೆ ಗುಡಾಣದಂಥ ಹೊಟ್ಟೆ, ಅದರ ನೆತ್ತಿಯಲ್ಲಿ ಸೈರನ್ನು. ಮಧ್ಯಾಹ್ನ ಎರಡಕ್ಕೆ ಅದು ಕೂಗಿದರೆ ಬೆಳಗಿನ ಪಾಳಿ ಮುಗಿಯಿತು ಎಂದರ್ಥ. ಹಟ್ಟಿಯಲ್ಲಿ ಯಾರೂ ಗಡಿಯಾರ ಕಟ್ಟಲಿಲ್ಲ. ಪಾಲಯ್ಯನ ಹಿರಿಮಗಳು ಓಬವ್ವ, ಅಜ್ಜಿಯ ಹೆಸರಿನವಳು, ಇನ್ನೂ ಮಾತು ತೊದಲುತ್ತಿದ್ದ ಕೂಸು. ಸೈರನ್ ಕೇಳಿದ್ದೇ ಉಣ್ಣುತ್ತಿದ್ದ ಬಟ್ಟಲು ಬಿಟ್ಟು, ಹೊಸ್ತಿಲು ದಾಟಿ, ಅನ್ನದ ಕೈಯಲ್ಲೇ ದಾರಿಗೆ ಓಡುತ್ತಿದ್ದಳು. "ಅಪ್ಪ ಕೂತ್ತು! ಅಪ್ಪ ಕೂತ್ತು!" ಕೂಗಿತು ಎನ್ನಲು ನಾಲಿಗೆ ಹೊರಳದು. ಅವಳ ಪಾಲಿಗೆ ಆ ಕೂಗು ಯಂತ್ರದ್ದಲ್ಲ, ಅಪ್ಪನದೇ.

*

"ಅಣ್ಣಾ, ಇಲ್ ಬಾ, ಇಲ್ ನೋಡಿಲ್ಲಿ!"

ತಿಮ್ಮೇಶ್ ಕಾಂಕ್ರೀಟಿನ ಮೇಲಿನ ಮಣ್ಣನ್ನು ಕೈಯಿಂದ ಬಳಿದಿದ್ದ. ಚಪ್ಪಡಿಯ ಮೈಯಲ್ಲಿ ದಪ್ಪ ಬೋಲ್ಟುಗಳ ಮೊಂಡು, ಗ್ಯಾಸಿನಲ್ಲಿ ಕೊಯ್ದ ಗುರುತು. ಪಾಲಯ್ಯನ ಜೊತೆ ಕಂಪನಿಯಲ್ಲಿ ಫಿಟ್ಟರ್ ಆಗಿದ್ದ ರಾಜಶೇಖರ್ ಮೊಣಕಾಲೂರಿ ಕೂತು ಅದನ್ನು ಸವರಿದ. ಪಕ್ಕದಲ್ಲಿ ಕೆದಕಿಸಿದ. ಮತ್ತೊಂದು ಚಪ್ಪಡಿ. ಅದಕ್ಕೂ ಅಂಥದೇ ಮೊಂಡುಗಳು.

"ಗಿರಿಯಮ್ನೋರೆ, ಇದು ನಮ್ ಟ್ಯಾಂಕಿನ ಪಾದ!"

ಗಿರಿಯಮ್ಮನ ಮೈಗೆ ಎಲ್ಲಿಂದಲೋ ಜೀವ ಬಂತು. ದಡದಡ ನಡೆದುಬಂದು ಕಾಂಕ್ರೀಟಿನ ಮೇಲೆ ನಿಂತಳು. ಬಿಸಿಗೆ ಅಂಗಾಲು ಸುಟ್ಟರೂ ಸರಿಯಲಿಲ್ಲ.

"ಅಯ್ಯೋ ನಮ್ಮಪ್ಪ ಬೀರಪ್ಪ, ಕೈಬಿಡ್ಲಿಲ್ಲ ನೀನು! ಎರಡು ಗಂಟಿಗೆ ನೆಳ್ಳು ಎತ್ತಾಗೆ ಬೀಳ್ತೈತೋ ಅತ್ತಾಗೆ ಹೋಗ್ರಿ. ನೆಳ್ಳಿನ ತಲೆ ಎಲ್ಲಿ ಬೀಳ್ತೈತೋ ಅಲ್ಲಿ ನನ್ ಮಗಿ ಅವ್ಳೆ."

ಹೊತ್ತು ಎರಡರ ಹತ್ತಿರವೇ ಇತ್ತು. ತಿಮ್ಮೇಶ್ ಗುದ್ದಲಿ ಕಾವನ್ನು ನೆಟ್ಟಗೆ ನಿಲ್ಲಿಸಿದ. ಅದರ ನೆರಳು ಈಶಾನ್ಯಕ್ಕೆ ಬಿತ್ತು. ದಿಕ್ಕು ಸಿಕ್ಕಿತು.

"ಉದ್ದ?" ಎಂದ ತಿಮ್ಮೇಶ್. "ಟ್ಯಾಂಕು ಎಷ್ಟೆತ್ತರ ಇತ್ತು, ಹೇಳ್ರಿ."

"ತೆಂಗಿನ ಮರದಷ್ಟು," ಎಂದ ಚಿತ್ರಲಿಂಗಪ್ಪ.

"ಯಾವ ತೆಂಗಿನ ಮರ ಮಾರಾಯ? ಎರಡು ತೆಂಗು ಒಂದರ ಮ್ಯಾಲೊಂದು ನಿಲ್ಸಿದಂಗಿತ್ತು," ಎಂದ ರಾಜಶೇಖರ್.

"ನೀನು ಅದ್ರ ಕೆಳಗೆ ಕುಂತು ಬೀಡಿ ಸೇದ್ತಿದ್ದೆ. ಕೆಳಗೆ ಕುಂತೋನಿಗೆ ಬೇಲಿನೂ ಕೋಟೆನೇ."

"ನೀನು ಗೋಡೆ ಆಚೆ ಕುರಿ ಬಾಲ ನೋಡ್ತಿದ್ದೆ. ಟ್ಯಾಂಕು ಯಾವತ್ತು ನೋಡ್ದೆ?"

ಬಂದವರಲ್ಲಿ ಒಬ್ಬಿಬ್ಬರು ಕಿಸಕ್ಕೆಂದು, ಹೆಣದ ನೆನಪಾಗಿ ಬಾಯಿಗೆ ಟವೆಲು ಅಡ್ಡ ಹಿಡಿದರು. ಒಬ್ಬೊಬ್ಬರು ಒಂದೊಂದು ಎತ್ತರ ಹೇಳಿದರು. ಇಡೀ ಹಟ್ಟಿ ಅಷ್ಟು ಕಾಲ ಅದರ ನೆರಳಿನಲ್ಲೇ ಬದುಕಿತ್ತು. ಅದು ಎಷ್ಟೆತ್ತರ ಎಂದು ಯಾರೂ ಲೆಕ್ಕ ಇಟ್ಟಿರಲಿಲ್ಲ. ಇದ್ದದ್ದನ್ನು ಯಾರು ಅಳೆಯುತ್ತಾರೆ?

"ನೀನೇ ಹೇಳವ್ವ," ಎಂದಳು ಜಯಶೀಲಾ.

ಗಿರಿಯಮ್ಮ ಕಣ್ಣು ಮುಚ್ಚಿದಳು. ಟ್ಯಾಂಕು ಕಂಡಿತು, ಅದರ ತುಕ್ಕು ಕಂಡಿತು, ನೆತ್ತಿಯ ಮೇಲೆ ಕೂರುವ ಹದ್ದು ಕಂಡಿತು. ಎತ್ತರ ಮಾತ್ರ ಕಾಣಲಿಲ್ಲ.

"ನೆಳ್ಳು ಗೋಡೆ ತಿರುವಿನ ತಂಕ ಬರ್ತಿತ್ತು," ಎಂದಳು.

ಗೋಡೆ ಎಲ್ಲಿತ್ತು ಎಂದು ಯಾರೂ ಕೇಳಲಿಲ್ಲ.

*

ಓಬವ್ವನಿಗೆ ಜ್ವರ ಬಂದದ್ದು ಇಂಥದೇ ಕಾರ್ತಿಕದಲ್ಲಿ. ದುರ್ಗದ ದೊಡ್ಡಾಸ್ಪತ್ರೆಗೆ ಒಯ್ಯುವ ಹೊತ್ತಿಗೆ ಕೂಸಿನ ಕಣ್ಣು ಮೇಲೆ ಸಿಕ್ಕಿದ್ದವು. ಬೆಳಗಾಗುವುದರೊಳಗೆ ಪಾಲಯ್ಯ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಹಿಂದಕ್ಕೆ ಬಂದ, ಮಲಗಿದ ಮಗುವನ್ನು ತರುವ ಹಾಗೆ.

ಆಗ ಜಯಶೀಲಾ ಹೊಟ್ಟೆಯಲ್ಲಿದ್ದಳು. ಬಸುರಿ ಹೆಂಗಸು ಮಣ್ಣಿಗೆ ಹೋಗಬಾರದು. ಗಿರಿಯಮ್ಮನನ್ನು ಹೆಂಗಸರು ಒಳಗೆ ಹಿಡಿದುಕೊಂಡು ಕೂತರು. ಕೂಸನ್ನು ಅವಳು ಬಾಗಿಲ ಸಂದಿಯಿಂದ ನೋಡಿದಳು: ಅಪ್ಪನ ಕಂಬಳಿಯ ತುಂಡು, ತುದಿಯಲ್ಲಿ ಒಂದು ಹಿಮ್ಮಡಿ. ಅಷ್ಟೇ.

ಹಿರಿಯರ ಮೂಲೆ ಆಗಲೇ ಕಂಪನಿಯ ಗೋಡೆಯೊಳಗೆ ಸೇರಿತ್ತು. ಕೈಕಾಲು ಹಿಡಿದದ್ದಕ್ಕೆ ಸೆಕ್ಯೂರಿಟಿಯವನು ಒಪ್ಪಿದ. ಒಂದೇ ಮಾತು ಹೇಳಿದ: ಗುಡ್ಡೆ ಏರಿಸಬಾರದು, ಕಲ್ಲು ನೆಡಬಾರದು.

ಸಂಜೆ ಪಾಲಯ್ಯ ಬಾವಿಕಟ್ಟೆಯಲ್ಲಿ ಮಿಂದು ಬಂದಾಗ ಗಿರಿಯಮ್ಮ ಕೇಳಿದಳು: "ಗುರ್ತಿಗೆ ಏನಿಟ್ಟೆ? ಒಂದು ಗಿಡನಾರ ನೆಟ್ಟೇನು?"

"ಗಿಡ ಒಣಗ್ತೈತೆ. ಕಲ್ಲು ಎತ್ತಿ ಬಿಸಾಕ್ತಾರೆ," ಎಂದ ಪಾಲಯ್ಯ. "ಮಣ್ಣು ಮುಚ್ಚಾಕೂ ಸೈರನ್ ಕೂಗಾಕೂ ಸರಿಹೋತು ಕಣೆ. ನೋಡಿದ್ರೆ ಟ್ಯಾಂಕಿನ ನೆಳ್ಳು ಬಂದು ಮಗಿ ಮ್ಯಾಲೆ ಮಲಗೈತೆ. ಅದೇ ಗುರ್ತು. ಕಂಪನಿ ಎಲ್ಲಿಗೆ ಹೋಗ್ತೈತೆ? ಕಬ್ಬಿಣದ್ದು. ನಾವು ಹೋದ್ರೂ ಅದು ಇರ್ತೈತೆ."

ಹುಟ್ಟಿದಾಗಿನಿಂದ ಗುಡ್ಡ ನೋಡಿ ದಾರಿ ಹಿಡಿದವನು, ನಕ್ಷತ್ರ ನೋಡಿ ದೊಡ್ಡಿ ಬಿಚ್ಚಿದವನು. ಮನುಷ್ಯ ಕಟ್ಟಿದ್ದನ್ನು ಗುರುತಿಗೆ ಹಿಡಿದದ್ದು ಅದೊಂದೇ ಸಲ.

ಅಂದಿನಿಂದ ಎರಡು ಗಂಟೆಯ ಸೈರನ್ ಗಿರಿಯಮ್ಮನದಾಯಿತು. ರೊಟ್ಟಿ ತಟ್ಟುತ್ತಿದ್ದರೆ ತಟ್ಟುವ ಕೈ ನಿಲ್ಲುತ್ತಿತ್ತು. ನೀರು ಸೇದುತ್ತಿದ್ದರೆ ಹಗ್ಗ ನಿಲ್ಲುತ್ತಿತ್ತು. ಕಾರ್ತಿಕ ಬಂತೆಂದರೆ ಗೋಡೆಯಾಚೆಯ ದಿನ್ನೆ ಹತ್ತಿ ನಿಂತು ಆ ನೆರಳು ಚಾಚುವುದನ್ನು ನೋಡಿ, ಸೆರಗೊಡ್ಡಿ ನಮಸ್ಕಾರ ಮಾಡಿ ಬರುತ್ತಿದ್ದಳು. ಇದು ಬಿಟ್ಟು ಬೇರೆ ಗುಡಿ ಅವಳಿಗೆ ಬೇಕೆನಿಸಲಿಲ್ಲ.

*

ಕಂಪನಿ ಒಂದೇ ದಿನಕ್ಕೆ ಸಾಯಲಿಲ್ಲ. ಮೊದಲು ರಾತ್ರಿ ಪಾಳಿ ನಿಂತಿತು. ಆಮೇಲೆ ಕ್ಯಾಂಟೀನು. ಆಮೇಲೆ ಗೇಟಿಗೆ ಬೀಗ. ಗೇಟಿನ ಮುಂದೆ ಶಾಮಿಯಾನ ಹಾಕಿ ಕೂತವರು ಒಬ್ಬೊಬ್ಬರಾಗಿ ಎದ್ದು ಹೋದರು. ಯಂತ್ರಗಳು ಲಾರಿ ಹತ್ತಿದವು. ಸೈರನ್ನು ಯಾವತ್ತು ಕೊನೆಯ ಸಲ ಕೂಗಿತೆಂದು ಯಾರೂ ಗಮನಿಸಲಿಲ್ಲ, ಗಿರಿಯಮ್ಮನೊಬ್ಬಳನ್ನು ಬಿಟ್ಟು. ಮಾರನೆಯ ಮಧ್ಯಾಹ್ನ ಅವಳು ಹಿಟ್ಟಿನ ಕೈಯಲ್ಲಿ ಹೊಸ್ತಿಲ ಮೇಲೆ ನಿಂತೇ ಇದ್ದಳು.

ಪಾಲಯ್ಯ ಆ ಖಾಲಿ ಶೆಡ್ಡುಗಳಿಗೆ ಕಾವಲಿದ್ದ. ಬಣ್ಣದ ಶೆಡ್ಡು ಕೊಟ್ಟ ಉಬ್ಬಸ ಅಷ್ಟೊತ್ತಿಗೆ ಎದೆಯಲ್ಲಿ ಮನೆ ಮಾಡಿತ್ತು. ಕೊನೆಗೆ ಒಡೆಯುವವರು ಬಂದರು. ತಗಡು ಒಂದು ಕಡೆ, ಕಬ್ಬಿಣ ಒಂದು ಕಡೆ, ಇಟ್ಟಿಗೆ ಒಂದು ಕಡೆ. "ಟ್ಯಾಂಕು ಕೊನೀಗೆ ಇಟ್ಕಳ್ರಿ," ಎಂದು ಅವನು ಮೇಸ್ತ್ರಿಗೆ ಹೇಳಿಕೊಂಡಿದ್ದನಂತೆ. ಅದು ಉರುಳಿದಾಗ ಹಟ್ಟಿಯ ಮನೆಗಳಲ್ಲಿ ಪಾತ್ರೆ ಅಲುಗಿದವು.

ಅದಾಗಿ ಕೆಲವೇ ದಿನಕ್ಕೆ ಒಂದು ಸಂಜೆ ಪಾಲಯ್ಯ ಕುಂಟುತ್ತ ಮನೆಗೆ ಬಂದ. ಅಂಗಿ ಹರಿದಿತ್ತು, ಮೊಣಕೈ ತರಚಿತ್ತು. "ಕಬ್ಬಿಣ ಎಡವಿದೆ," ಎಂದ. ಗಿರಿಯಮ್ಮ ಅರಿಸಿನ ಹಚ್ಚಿದಳು. ಅಂದು ಅವನು ಉಣ್ಣಲಿಲ್ಲ.

ಆಮೇಲೆ ಎಲ್ಲ ಮಟ್ಟಸವಾಗಿ, ಬೇಲಿ ಬಂದ ಮೇಲೂ ಅವನು ದಿನಾ ಮಧ್ಯಾಹ್ನ ಕೋಲೂರಿಕೊಂಡು ಬಯಲಿಗೆ ಹೋಗಿ ನಿಲ್ಲುತ್ತಿದ್ದ. ಸೂರ್ಯನನ್ನು ನೋಡುತ್ತಿದ್ದ, ತನ್ನ ನೆರಳನ್ನು ನೋಡುತ್ತಿದ್ದ. ಹಟ್ಟಿಯ ಜನ, ಪಾಲಯ್ಯನಿಗೆ ಅರಳುಮರಳು ಎಂದರು.

"ಸಿಕ್ತಾ?" ಎಂದು ಕೇಳುತ್ತಿದ್ದಳು ಗಿರಿಯಮ್ಮ, ಅವನು ಬಂದೊಡನೆ.

"ಅಲ್ಲೇ ಎಲ್ಲೋ ಅವ್ಳೆ," ಎನ್ನುತ್ತಿದ್ದ.

ಮೊನ್ನೆ ಉಸಿರು ಕಟ್ಟಿ ಕಟ್ಟಿ ಬರುವಾಗ ಅವಳು ಕಿವಿಯ ಹತ್ತಿರ ಬಗ್ಗಿ, "ಮಗಿ ಪಕ್ಕ ತಾನೆ?" ಎಂದಿದ್ದಳು. ಅವನು ಅವಳ ಮುಖ ನೋಡಿದ. "ಎಲ್ಲಾದ್ರೂ ಆಗ್ಲಿ ಬಿಡು," ಎಂದ. ಯಾರಿಗೂ ತೊಂದರೆ ಕೊಡದ ಮನುಷ್ಯ, ಸಾಯುವಾಗಲೂ ಹಾಗೇ ಅಂದ ಎಂದುಕೊಂಡಳು.

*

ಕೊನೆಗೆ ರಾಜಶೇಖರನ ಎತ್ತರಕ್ಕೂ ಚಿತ್ರಲಿಂಗಪ್ಪನ ಎತ್ತರಕ್ಕೂ ನಡುವೆ ಒಂದು ಜಾಗ ಹಿಡಿದು ತಿಮ್ಮೇಶ್ ಅಗೆಯತೊಡಗಿದ. ಮೇಲೆ ಒಂದು ಪದರ ಮಣ್ಣು. ಅದರ ಕೆಳಗೆ ಇಟ್ಟಿಗೆ ಚೂರು, ಟೈಲ್ಸು, ತಂತಿ. ಆಟೋದ ಹಿಂದಿನ ದೀಪದ ಕೆಂಪು ಚೂರೊಂದು ಬಿಸಿಲಿಗೆ ಹೊಳೆಯಿತು. ಇನ್ನೂ ಕೆಳಗೆ ಹೋದರೂ ಅದೇ.

"ನೆಲ ಅಲ್ಲ ಇದು, ತಿಪ್ಪೆ," ಎಂದು ತಿಮ್ಮೇಶ್ ಬೆವರು ಒರೆಸಿಕೊಂಡ.

ಪ್ರಭುಲಿಂಗ ಕೊಡದಲ್ಲಿ ನೀರು ತಂದಿದ್ದ. ಎಲ್ಲರಿಗೂ ಕೊಟ್ಟು, ದೂರದಲ್ಲಿ ಕೂತಿದ್ದ ಗಿರಿಯಮ್ಮನ ಬಳಿಗೆ ತಂಬಿಗೆ ಹಿಡಿದು ಬಂದ. ಪಕ್ಕದೂರಿನವನು, ಬಾಯಿ ಜೋರಾದರೂ ಕೆಟ್ಟವನಲ್ಲ.

"ಕುಡೀರಿ ಅಮ್ಮಾ. ಹೊಟ್ಟೇಲಿ ನೀರಿಲ್ಲ ನಿಮಗೆ." ಅತ್ತಿತ್ತ ನೋಡಿ ಕೂತ. "ಒಂದು ಮಾತು. ಹೇಳಿದ್ರೆ ತೆಪ್ಪು, ಹೇಳದಿದ್ರೂ ತೆಪ್ಪು. ಅಜ್ಜ ನಿಮಗೇನೂ ಹೇಳ್ಲಿಲ್ವಾ?"

"ಏನು?"

"ಇಲ್ಲಿ ಹಳೇ ಮಣ್ಣು ಒಂದು ಮಂಕ್ರಿನೂ ಇಲ್ಲ ಕಣಮ್ಮ. ಈ ಮೂಲೆ ಮಣ್ಣು ಭಾಳ ಒಳ್ಳೇದಿತ್ತು. ಆಳುದ್ದ ತೆಗೆದು ಲಾರಿಗೆ ತುಂಬಿ ಹೈವೇ ದಿಬ್ಬಕ್ಕೆ ಹೊಡೆದ್ರು. ಗುಂಡಿಗೆ ಈ ಕಸ ತುಂಬಿ ಮಟ್ಟ ಮಾಡಿದ್ರು." ಅವನು ದನಿ ಇನ್ನೂ ತಗ್ಗಿಸಿದ. "ಅವತ್ತು ಅಜ್ಜ ಲಾರಿ ಮುಂದೆ ಮಲಗಿಬಿಟ್ಟಿದ್ನಂತೆ. ಏಳು ಅಂದ್ರೆ ಏಳ್ಲಿಲ್ಲ. ಕೈಕಾಲು ಹಿಡ್ದು ಎತ್ತಿ ಪಕ್ಕಕ್ಕೆ ಹಾಕಿದ್ರಂತೆ. ಆಮ್ಯಾಲೆ ಅಷ್ಟೂ ಲಾರಿ ಹೋಗೋ ತಂಕ ಅಲ್ಲೇ ಕುಂತು ನೋಡಿದ್ನಂತೆ."

ಗಿರಿಯಮ್ಮ ಕುಡಿಯದೆ ತಂಬಿಗೆಯನ್ನು ನೆಲಕ್ಕಿಟ್ಟಳು.

"ಮತ್ತೆ ದಿನಾ ಬಂದು ಇಲ್ಲಿ ಏನು ಹುಡುಕ್ತಿದ್ದ?" ಎಂದಳು.

"ಏನೂ ಹುಡುಕ್ತಿರ್ಲಿಲ್ಲ ಕಣಮ್ಮ. ಸುಮ್ನೆ ನಿಂತ್ಕಂತಿದ್ದ. ನಾನು ಒಂದಿನ ಕೇಳ್ದೆ. 'ಬರ್ದಿದ್ರೆ ನಮ್ಮನೇಳು ಯಾಕೆ ಹೋಗ್ಲಿಲ್ಲ ಅಂತಾಳೆ' ಅಂದ."

ಅವಳು ಮುಖ ತಿರುಗಿಸಿ ಆಟೋದ ಕಡೆ ನೋಡಿದಳು. ಗಾಡಿಯಿಂದ ಹೊರಚಾಚಿದ ಪಾದಗಳು. ಆ ಪಾದಗಳು ಉಬ್ಬಸ ಕಟ್ಟಿದ ಎದೆ ಹೊತ್ತು, ಬಿಸಿಲೆನ್ನದೆ ಮಳೆಯೆನ್ನದೆ ಇಲ್ಲಿಗೆ ನಡೆದು ಬಂದಿದ್ದವು. ಇಲ್ಲಿ ಏನೂ ಇಲ್ಲವೆಂದು ಆ ಒಬ್ಬನಿಗೆ ಗೊತ್ತಿತ್ತು.

"ಅವ್ವಾ," ಜಯಶೀಲಾ ಕೂಗಿದಳು. "ಇಷ್ಟು ಆಳ ಸಾಕಾ ಅಂತಾರೆ. ಇದೇ ಜಾಗಾನಾ? ಅಕ್ಕ ಇಲ್ಲೇ ಇದ್ದಾಳಾ?"

ಎಲ್ಲರೂ ಗಿರಿಯಮ್ಮನ ಕಡೆ ತಿರುಗಿದರು. ಸೂರ್ಯ ತನ್ನ ಜಾಗ ದಾಟಿದ್ದ. ಬಯಲಿನಲ್ಲಿ ಮನುಷ್ಯರ ನೆರಳು ಬಿಟ್ಟರೆ ಬೇರೆ ನೆರಳಿರಲಿಲ್ಲ.

"ಹ್ಞೂಂ," ಎಂದಳು ಗಿರಿಯಮ್ಮ. "ಇದೇ."

"ಗ್ಯಾನ ಐತಾ ಅತ್ಗೆಮ್ಮ?" ಎಂದ ಚಿತ್ರಲಿಂಗಪ್ಪ.

"ಇದೇ ಅಂದೆನಲ್ಲಪ್ಪ. ಇಳಿಸ್ರಿ."

ಕಂಬಳಿ ಸಮೇತ ಪಾಲಯ್ಯನನ್ನು ಇಳಿಸಿದರು. ತಲೆ ತೆಂಕಲಿಗೆ. ಹಣೆಗೆ ವಿಭೂತಿ, ಬಾಯಿಗೆ ಹನಿ ನೀರು. ಒಬ್ಬೊಬ್ಬರೂ ಮೂರು ಹಿಡಿ ಮಣ್ಣು ಹಾಕಿದರು. ಇಟ್ಟಿಗೆ ಚೂರು ಆರಿಸಿ ಎಸೆದು, ಮಣ್ಣು ಹುಡುಕಿ ಹುಡುಕಿ ಹಾಕಿದರು. ಕೆಂಪು ದೀಪದ ಚೂರನ್ನು ರಾಜಶೇಖರ್ ಜೇಬಿಗೆ ಇಳಿಸಿಕೊಂಡ. ಗುಡ್ಡೆ ಏರಿಸಲಿಲ್ಲ. ಕಲ್ಲು ನೆಡಲಿಲ್ಲ.

"ಅಪ್ಪ ಅಕ್ಕನ್ನ ಸೇರಿದ ಬಿಡವ್ವ," ಎಂದು ಜಯಶೀಲಾ ಅತ್ತಳು. ಅವಳನ್ನು ಎದೆಗೆ ಒತ್ತಿಕೊಂಡ ಗಿರಿಯಮ್ಮನ ಕಣ್ಣಿನಲ್ಲಿ ನೀರಿರಲಿಲ್ಲ.

*

ಹಟ್ಟಿಗೆ ವಾಪಸು ಹೋಗಬೇಕೆಂದರೆ ಹೈವೇ ದಿಬ್ಬ ಹತ್ತಿ ಆಚೆ ಇಳಿಯಬೇಕು. ಗಂಡಸರು ಹಿಂಬದಿಯಲ್ಲಿ ನಿಂತರು. ಗಿರಿಯಮ್ಮ ತಿಮ್ಮೇಶನ ಪಕ್ಕ ಕೂತಳು. ಗಿಳಿಹಸಿರು ಬಣ್ಣ ಕಳಚಿ ಬಿದ್ದ ಬಾಗಿಲ ಮೇಲೆ ಅವಳ ಕೈ.

ದಿಬ್ಬದ ಮೇಲೆ ಒಂದು ಮಗ್ಗುಲ ರಸ್ತೆ ಕಿತ್ತು ರಿಪೇರಿ ನಡೆದಿತ್ತು. ಎರಡೂ ಕಡೆಯ ವಾಹನಗಳಿಗೆ ಉಳಿದದ್ದು ತಲಾ ಒಂದೇ ಸಾಲು. ತಿಮ್ಮೇಶ್ ಏರು ಹತ್ತಿಸಿ ಗೇರು ಬದಲಿಸಲು ಹೋದ.

"ಮೆಲ್ಲಕೆ ಹೋಗಪ್ಪ," ಎಂದಳು ಗಿರಿಯಮ್ಮ.

"ಮೆಲ್ಲಕೇ ಹೋಗ್ತಿದೀನಿ ದೊಡ್ಡವ್ವ. ಈ ಮುದಿ ಗಾಡಿ ಓಡು ಅಂದ್ರೂ ಓಡಲ್ಲ."

"ಇನ್ನಾ ಮೆಲ್ಲಕೆ."

"ಹಿಂದೆ ಲಾರಿ ಅವೆ, ಬೈತಾರೆ."

"ಬೈಲಿ. ನಡಕಂಡು ಹೋದಂಗೆ ಹೋಗು."

ತಿಮ್ಮೇಶ್ ಅವಳ ಮುಖ ನೋಡಿದ. ಮತ್ತೆ ಮೊದಲ ಗೇರಿಗೆ ಹಾಕಿದ.

ಹಿಂದೆ ಲಾರಿಯೊಂದು ಹಾರನ್ ಹೊಡೆಯಿತು. ಅದರ ಹಿಂದೆ ಬಸ್ಸು. ಅದರ ಹಿಂದೆ ಕಾರುಗಳು, ಮತ್ತೆ ಲಾರಿಗಳು. ದಿಬ್ಬದ ಈ ತುದಿಯಿಂದ ಕೆಳಗಿನ ಬಯಲಿನವರೆಗೂ ಸಾಲು ಬೆಳೆಯಿತು. ಒಂದೊಂದೂ ಒಂದೊಂದು ದನಿಯಲ್ಲಿ ಕೂಗಿದವು. ಅಷ್ಟೆಲ್ಲದರ ಮುಂದೆ ಆ ಹಸಿರು ಗಾಡಿ, ಹೆಜ್ಜೆಯ ಮೇಲೆ ಹೆಜ್ಜೆ ಇಡುವ ಹಾಗೆ, ದಿಬ್ಬದ ಮೇಲೆ ಮೆಲ್ಲಗೆ ಸಾಗುತ್ತಿತ್ತು. ಗಿರಿಯಮ್ಮ ಮಡಿಲಲ್ಲಿ ಉಳಿದ ಮಂಡಕ್ಕಿಯನ್ನು ಒಂದೊಂದೇ ಹಿಡಿ ತೆಗೆದು ರಸ್ತೆಯ ಅಂಚಿಗೆ ಬೀರುತ್ತಿದ್ದಳು.